ಸಂಪಾದಕರ ಉತ್ತರ: ಸುಂಕದ ಜಗಳವೋ, ಗುಲಾಮರ ಜಗಳವೋ?

ಕುಂದಾಪುರದ ಓದುಗರೊಬ್ಬರ ಪತ್ರ: “ಅಮೆರಿಕದ ಅಂತರ್ಯುದ್ಧ ನಡೆದದ್ದು ಗುಲಾಮಗಿರಿಗಾಗಿ ಎಂದು ಹೋದ ಸಂಚಿಕೆಯಲ್ಲಿ ಬರೆದಿದ್ದೀರಿ. ನನ್ನ ಮಗ ಅಟ್ಲಾಂಟಾದಲ್ಲಿದ್ದಾನೆ. ಅಲ್ಲಿಯವರು ಹೇಳುವುದೇ ಬೇರೆ. ಉತ್ತರದವರು ಹೇರಿದ ಸುಂಕ, ರಾಜ್ಯಗಳ ಹಕ್ಕು, ಇವೇ ಕಾರಣವಂತೆ. ಲಿಂಕನ್ ಘೋಷಣೆಯಿಂದ ಒಬ್ಬ ಗುಲಾಮನೂ ಬಿಡುಗಡೆ ಆಗಲಿಲ್ಲವಂತೆ. ನಮ್ಮ ತೆರಿಗೆ ದಿಲ್ಲಿಗೆ ಹೋಗಿ ಎಷ್ಟು ವಾಪಸು ಬರುತ್ತದೆ ನೋಡಿ. ದಕ್ಷಿಣದವರ ಸಂಕಟ ದಕ್ಷಿಣದವರಿಗೇ ಗೊತ್ತು. ಅಂದಹಾಗೆ, ನಮ್ಮ ಕಡೆ ಗುಲಾಮಗಿರಿ ಕಾನೂನಿನಲ್ಲಿ ಯಾವಾಗ ಹೋಯಿತು?”

ಸುಂಕದಿಂದಲೇ ಶುರು ಮಾಡೋಣ. ಅಲ್ಲಿ ನಿಜವಾದ ಅಸಮಾಧಾನ ಇತ್ತು. ದಕ್ಷಿಣದವರು ಹತ್ತಿ ಬೆಳೆದು ಹೊರದೇಶಕ್ಕೆ ಮಾರುತ್ತಿದ್ದರು, ಕಾರ್ಖಾನೆ ಸಾಮಾನು ಕೊಳ್ಳುತ್ತಿದ್ದರು. ಆಮದು ಸುಂಕ ಏರಿದರೆ ಉತ್ತರದ ಕಾರ್ಖಾನೆಗೆ ಲಾಭ, ದಕ್ಷಿಣದ ಜೇಬಿಗೆ ಕತ್ತರಿ. 1832ರಲ್ಲಿ ದಕ್ಷಿಣ ಕೆರೊಲಿನಾ ‘ಈ ಸುಂಕದ ಕಾನೂನು ನಮ್ಮ ಗಡಿಯೊಳಗೆ ನಡೆಯದು’ ಎಂದು ಠರಾವನ್ನೇ ಮಾಡಿತು. ಮರುವರ್ಷ ರಾಜಿಯಾಯಿತು. 1842ರಲ್ಲಿ ಒಮ್ಮೆ ಏರಿದ ಸುಂಕ 1846ರಲ್ಲಿ ಇಳಿಯಿತು, 1857ರಲ್ಲಿ ಇನ್ನೂ ಇಳಿಯಿತು. ಸುಂಕವನ್ನು ಮತ್ತೆ ಏರಿಸಿದ, ಈಗ ಎಲ್ಲರೂ ಬೆರಳು ತೋರಿಸುವ ಮಾರಿಲ್ ಸುಂಕದ ಕಾನೂನಿಗೆ ಸಹಿ ಬಿದ್ದದ್ದು 1861ರ ಮಾರ್ಚ್ 2ರಂದು. ಹಾಕಿದವರು ಲಿಂಕನ್ ಅಲ್ಲ, ಎರಡು ದಿನದಲ್ಲಿ ಕುರ್ಚಿ ಬಿಡಲಿದ್ದ ಅಧ್ಯಕ್ಷ ಬುಕ್ಯಾನನ್. ಅಷ್ಟರಲ್ಲಿ ದಕ್ಷಿಣದ ಏಳು ರಾಜ್ಯಗಳು ಅಮೆರಿಕದ ಒಕ್ಕೂಟದಿಂದ ಹೊರನಡೆದಿದ್ದವು. ಅವುಗಳ ಸೆನೆಟರುಗಳು ಎದ್ದು ಹೋಗಿ ಸೆನೆಟ್‌ನಲ್ಲಿ ವಿರೋಧ ಕುಗ್ಗಿದ್ದರಿಂದ ಮಸೂದೆ ಸಲೀಸಾಗಿ ದಾಟಿತು. ಮನೆ ಬಿಟ್ಟು ಹೋದ ಮೇಲೆ ಏರಿದ ಬಾಡಿಗೆ, ಮನೆ ಬಿಟ್ಟದ್ದಕ್ಕೆ ಕಾರಣ ಹೇಗಾದೀತು?

ಹೊರಡುವಾಗ ಅವರೇ ಏನು ಬರೆದಿಟ್ಟರು ಎಂಬುದನ್ನು ಓದುವುದು ಒಳ್ಳೆಯದು. ದಕ್ಷಿಣ ಕೆರೊಲಿನಾ 1860ರ ಡಿಸೆಂಬರ್ 20ರಂದು ಹೊರಬಂದು, 24ರಂದು ಕಾರಣಗಳ ಪತ್ರ ಹೊರಡಿಸಿತು. ಅದರಲ್ಲಿ ಸುಂಕದ ಮಾತಿಲ್ಲ. ಅದೇ ಸಮಾವೇಶದ ಇನ್ನೊಂದು ಮನವಿಯಲ್ಲಿ ತೆರಿಗೆಯ ದೂರು ಧಾರಾಳವಾಗಿದೆ, ಒಪ್ಪಬೇಕು. ಆದರೆ ಅದರ ವಿಳಾಸ ನೋಡಿ: ‘ಗುಲಾಮರನ್ನು ಹೊಂದಿರುವ ರಾಜ್ಯಗಳ ಜನತೆಗೆ’. ಮಿಸಿಸಿಪ್ಪಿಯಂತೂ ತನ್ನ ನಿಲುವು ಗುಲಾಮಗಿರಿಯೊಂದಿಗೆ ಸಂಪೂರ್ಣ ಬೆಸೆದುಕೊಂಡಿದೆ ಎಂದು ಪತ್ರದ ಆರಂಭದಲ್ಲೇ ಹೇಳಿಬಿಟ್ಟಿತು.

ರಾಜ್ಯಗಳ ಹಕ್ಕಿನ ವಾದ ಇಲ್ಲೇ ಮುಗ್ಗರಿಸುತ್ತದೆ. ಕೆರೊಲಿನಾದ ದೂರು ಏನು? ಓಡಿಬಂದ ಗುಲಾಮರನ್ನು ಹಿಡಿದುಕೊಡಲು ಉತ್ತರದ ರಾಜ್ಯಗಳು ಒಪ್ಪುತ್ತಿಲ್ಲ, ತಮ್ಮದೇ ಕಾನೂನು ಮಾಡಿಕೊಂಡು ಅಡ್ಡ ಬರುತ್ತಿವೆ ಎಂದು. ಅಂದರೆ ಅವರ ಸಿಟ್ಟು ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದರ ಮೇಲೆ. ಹೊರಬಂದ ರಾಜ್ಯಗಳು ತಮ್ಮದೇ ಹೊಸ ಕೂಟದ ಸಂವಿಧಾನ ಬರೆದಾಗಲೂ, ಗುಲಾಮರ ಮೇಲಿನ ಒಡೆತನಕ್ಕೆ ಧಕ್ಕೆ ತರುವ ಕಾನೂನನ್ನು ಕಾಂಗ್ರೆಸ್ (ಅಲ್ಲಿಯ ಸಂಸತ್ತು) ಮಾಡಕೂಡದು ಎಂದು ಕಲಮು ಹಾಕಿದರು.

1861ರ ಮೇ ತಿಂಗಳ ಒಂದು ಪ್ರಸಂಗ ಇದನ್ನು ಚೆನ್ನಾಗಿ ತೋರಿಸುತ್ತದೆ. ವರ್ಜೀನಿಯಾದ ಮನ್ರೋ ಕೋಟೆ ಒಕ್ಕೂಟದ, ಅಂದರೆ ಉತ್ತರದವರ, ಸೈನ್ಯದ ಕೈಯಲ್ಲಿತ್ತು. ಫ್ರಾಂಕ್ ಬೇಕರ್, ಷೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್ ಎಂಬ ಮೂವರು ಗುಲಾಮರು ರಾತ್ರಿ ತಪ್ಪಿಸಿಕೊಂಡು ಅಲ್ಲಿಗೆ ಬಂದರು. ಮರುದಿನ ಒಡೆಯನ ಕಡೆಯ ಅಧಿಕಾರಿ ಬಿಳಿ ಬಾವುಟ ಹಿಡಿದು ಬಂದ: ಓಡಿಹೋದ ಗುಲಾಮರ ಕಾನೂನಿನಂತೆ ಅವರನ್ನು ಒಪ್ಪಿಸಿ. ಕೋಟೆಯ ದಂಡನಾಯಕ ಬೆಂಜಮಿನ್ ಬಟ್ಲರ್ ಮೂಲತಃ ವಕೀಲ. ನೀವು ಬೇರೆ ದೇಶ ಎನ್ನುತ್ತೀರಿ, ಬೇರೆ ದೇಶಕ್ಕೆ ನಮ್ಮ ಕಾನೂನು ಅನ್ವಯಿಸದು. ಒಡೆಯ ಬಂದು ಒಕ್ಕೂಟಕ್ಕೆ ನಿಷ್ಠೆಯ ಪ್ರಮಾಣ ಮಾಡಲಿ, ಒಪ್ಪಿಸುತ್ತೇನೆ ಎಂದ. ಒಡೆಯ ಬರಲಿಲ್ಲ. ಬಟ್ಲರ್ ಆ ಮೂವರನ್ನು ಶತ್ರುವಿನಿಂದ ಜಪ್ತಿಯಾದ ಸರಕು ಎಂದು ಲೆಕ್ಕಕ್ಕೆ ಹಿಡಿದ. ಮನುಷ್ಯರನ್ನು ಸರಕು ಎಂದೇ ಕರೆದು ಬಿಡಿಸಿಕೊಂಡದ್ದು! ಸುದ್ದಿ ಹಬ್ಬಿ ಹಿಂದೆಯೇ ನೂರಾರು ಮಂದಿ ಬಂದರು.

ಇನ್ನು ಲಿಂಕನ್ ಘೋಷಣೆ. ಬಂಡಾಯ ಎದ್ದ ನೆಲದ ಗುಲಾಮರು ಇನ್ನು ಸ್ವತಂತ್ರರು ಎಂದ, 1863ರ ಜನವರಿ 1ರ ಆ ಪತ್ರದಲ್ಲಿ ತೂತುಗಳಿದ್ದವು, ನಿಮ್ಮ ಮಗನಿಗೆ ಹೇಳಿದವರು ಅಷ್ಟರ ಮಟ್ಟಿಗೆ ಸರಿ. ಒಕ್ಕೂಟ ಬಿಡದ ಡೆಲಾವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸೌರಿಗೆ ಅದು ಅನ್ವಯಿಸಲಿಲ್ಲ. ಟೆನೆಸಿಯ ಹೆಸರೇ ಇಲ್ಲ. ಲೂಸಿಯಾನಾದ 13 ಪ್ಯಾರಿಷ್‌ಗಳನ್ನು (ಅಲ್ಲಿಯ ಜಿಲ್ಲೆಗಳು), ಪಶ್ಚಿಮ ವರ್ಜೀನಿಯಾ ಆಗಲಿದ್ದ 48 ಕೌಂಟಿಗಳನ್ನು ಹೊರಗಿಟ್ಟರು. ಇದಕ್ಕೆ ಕಾರಣ ಕಾನೂನಿನದು. ಶಾಂತಿಕಾಲದಲ್ಲಿ ರಾಜ್ಯವೊಂದರ ಗುಲಾಮಗಿರಿಯನ್ನು ಮುಟ್ಟುವ ಅಧಿಕಾರ ಅಧ್ಯಕ್ಷರಿಗೆ ಇರಲಿಲ್ಲ. ಸೇನಾಧಿಪತಿಯಾಗಿ ಶತ್ರುವಿನ ಬಲ ಕುಂದಿಸಬಹುದಿತ್ತು, ಅದೂ ಬಂಡಾಯ ಎದ್ದ ನೆಲದಲ್ಲಿ ಮಾತ್ರ.

ಆದರೆ ‘ಒಬ್ಬನೂ ಬಿಡುಗಡೆ ಆಗಲಿಲ್ಲ’ ಎಂಬುದು ತಪ್ಪು. ದಕ್ಷಿಣ ಕೆರೊಲಿನಾದ ಕಡಲದ್ವೀಪಗಳನ್ನು 1861ರ ನವೆಂಬರಿನಲ್ಲೇ ಒಕ್ಕೂಟದ ನೌಕಾಪಡೆ ಹಿಡಿದಿತ್ತು. ತೋಟದ ಒಡೆಯರು ಓಡಿಹೋದಾಗ ಸುಮಾರು 10,000 ಗುಲಾಮರು ಅಲ್ಲೇ ಉಳಿದರು. ಆ ದ್ವೀಪಗಳಿಗೆ ವಿನಾಯಿತಿ ಇರಲಿಲ್ಲವಾಗಿ ಅವರು ಅದೇ ದಿನ ಕಾನೂನಿನ ಪ್ರಕಾರ ಸ್ವತಂತ್ರರಾದರು. ಕರಿಯರು ಸೈನ್ಯ ಸೇರಲು ದಾರಿ ತೆರೆದದ್ದೂ ಇದೇ ಘೋಷಣೆ. ಯುದ್ಧ ಮುಗಿಯುವಷ್ಟರಲ್ಲಿ ಸುಮಾರು 1,80,000 ಮಂದಿ ಸೇರಿದ್ದರು. ಟೆಕ್ಸಸ್‌ನ ಗ್ಯಾಲ್ವೆಸ್ಟನ್‌ನಲ್ಲಿ ಬಿಡುಗಡೆಯ ಆದೇಶ ಓದಿದ್ದು 1865ರ ಜೂನ್ 19ರಂದು. ಕೆಂಟಕಿ, ಡೆಲಾವೇರ್‌ಗಳು ಮಾತ್ರ ಅದೇ ಡಿಸೆಂಬರಿನಲ್ಲಿ ಗುಲಾಮಗಿರಿಯನ್ನೇ ರದ್ದು ಮಾಡಿದ ಸಂವಿಧಾನದ 13ನೇ ತಿದ್ದುಪಡಿ ಬರುವವರೆಗೂ ಬಿಡಲಿಲ್ಲ. ಕೆಂಟಕಿ ಆ ತಿದ್ದುಪಡಿಗೆ ಒಪ್ಪಿಗೆ ಕೊಟ್ಟದ್ದು 1976ರಲ್ಲಿ, ಅಚ್ಚಿನ ತಪ್ಪಲ್ಲ.

ಹಾಗಾದರೆ ಸುಂಕದ ಕಥೆ ಎಲ್ಲಿಂದ ಬಂತು? ಸೋತ ಮೇಲೆ. ಬಂಡಾಯ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚಿನಲ್ಲಿ ಸವಾನಾ ಊರಿನ ಭಾಷಣದಲ್ಲಿ, ಕರಿಯರು ಬಿಳಿಯರಿಗೆ ಸಮರಲ್ಲ ಎಂಬುದೇ ನಮ್ಮ ಸರ್ಕಾರದ ಮೂಲೆಗಲ್ಲು ಎಂದಿದ್ದರು. ಯುದ್ಧ ಮುಗಿದ ಮೇಲೆ ಅವರೇ ಎರಡು ಸಂಪುಟ ಬರೆದು, ಜಗಳ ಸಂವಿಧಾನದ ವ್ಯಾಖ್ಯಾನದ್ದು ಎಂದರು. ಮುಂದಿನ ಕೆಲಸ ಶಾಲೆಗಳಲ್ಲಿ ನಡೆಯಿತು. ಬಂಡಾಯ ಸೈನಿಕರ ವಂಶದ ಹೆಣ್ಣುಮಕ್ಕಳ ಸಂಘ 1894ರಲ್ಲಿ ಹುಟ್ಟಿತು. ಅದರ ಇತಿಹಾಸಕಾರ್ತಿಯಾಗಿದ್ದ ಮಿಲ್‌ಡ್ರೆಡ್ ರುದರ್‌ಫೋರ್ಡ್ 1920ರ ಹೊತ್ತಿಗೆ ಪಠ್ಯಪುಸ್ತಕ ಅಳೆಯುವ ಕೈಪಿಡಿ ತಂದರು. ದಕ್ಷಿಣದವರು ಗುಲಾಮರನ್ನು ಉಳಿಸಿಕೊಳ್ಳಲು ಹೋರಾಡಿದರು ಎನ್ನುವ ಪುಸ್ತಕವನ್ನು ತಿರಸ್ಕರಿಸಿ ಎಂಬುದು ಅದರ ಒಂದು ನಿಯಮ. ಅಂಥ ಪುಸ್ತಕ ಗ್ರಂಥಾಲಯದಲ್ಲಿದ್ದರೆ ಶೀರ್ಷಿಕೆ ಪುಟದ ಮೇಲೆ ‘ದಕ್ಷಿಣಕ್ಕೆ ಅನ್ಯಾಯ’ ಎಂದು ಬರೆಯಬೇಕು. ಇವನ್ನೇ ಓದಿದ ಮಕ್ಕಳ ಮೊಮ್ಮಕ್ಕಳು ಇವತ್ತು ನಿಮ್ಮ ಮಗನ ನೆರೆಹೊರೆಯವರು. ಅವರು ಸುಳ್ಳು ಹೇಳುತ್ತಿಲ್ಲ, ಕಲಿತದ್ದನ್ನು ಹೇಳುತ್ತಿದ್ದಾರೆ.

ನಮ್ಮ ತೆರಿಗೆ ಪಾಲಿನ ದೂರಿಗೆ ಆಧಾರ ಇದೆ. ಕೇಂದ್ರ ಹಂಚುವ ತೆರಿಗೆಯಲ್ಲಿ ಕರ್ನಾಟಕದ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ. 4.713 ಇದ್ದದ್ದು 15ನೆಯದರಲ್ಲಿ ಶೇ. 3.647ಕ್ಕೆ ಇಳಿಯಿತು. ಆ ಲೆಕ್ಕವನ್ನು ಅದರ ಕಾಲ ಮೇಲೆಯೇ ನಿಲ್ಲಿಸಿ ವಾದಿಸಿ. ಎರಡೂ ಕಡೆ ‘ದಕ್ಷಿಣ’ ಎಂಬ ಪದ ಇದೆ ಎಂದು ಜಾರ್ಜಿಯಾದ ಹತ್ತಿ ತೋಟದ ಒಡೆಯರನ್ನು ಸಾಕ್ಷಿಗೆ ಕರೆಯಬೇಡಿ.

ಕೊನೆಯ ಪ್ರಶ್ನೆ. ಬ್ರಿಟಿಷರ 1833ರ ಗುಲಾಮಗಿರಿ ರದ್ದತಿ ಕಾನೂನು ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತ್ತು. ನಿಮ್ಮ ಕುಂದಾಪುರವೂ ಸೇರಿದಂತೆ ಕೆನರಾಕ್ಕೆ ಬಂದದ್ದು 1843ರ 5ನೇ ಕಾಯಿದೆ, ಬರೀ ನಾಲ್ಕು ಕಲಮಿನದು. ಕಂದಾಯ ಬಾಕಿಗೆ ಸರ್ಕಾರಿ ಅಧಿಕಾರಿ ಮನುಷ್ಯರನ್ನು ಮಾರಕೂಡದು; ಇಂಥವನು ನನ್ನ ಆಳು ಎಂಬ ಹಕ್ಕನ್ನು ಕೋರ್ಟು ಕೊಡಿಸದು; ಗುಲಾಮನೆಂಬ ಕಾರಣಕ್ಕೆ ಅವನ ಸ್ವತ್ತು ಕಸಿಯುವಂತಿಲ್ಲ; ಅವನ ಮೇಲಿನ ಹಲ್ಲೆಯೂ ಅಪರಾಧವೇ. ಆಳನ್ನು ಬಿಟ್ಟುಬಿಡು ಎಂದು ಒಡೆಯನಿಗೆ ಅದು ಹೇಳಲಿಲ್ಲ. ಗುಲಾಮರ ಕೊಳ್ಳುವಿಕೆ, ಮಾರಾಟ ಶಿಕ್ಷಾರ್ಹವಾದದ್ದು 1862ರಲ್ಲಿ ದಂಡಸಂಹಿತೆ ಜಾರಿಯಾದಾಗ. ಸಾಲದ ಹೆಸರಿನ ಜೀತ ಇನ್ನೂ ನೂರು ವರ್ಷ ಎಳೆಯಿತು. 1975ರ ಅಕ್ಟೋಬರಿನ ಸುಗ್ರೀವಾಜ್ಞೆ, ಮರುವರ್ಷದ ಕಾಯಿದೆ ಜೀತದ ಸಾಲವನ್ನೇ ವಜಾ ಮಾಡಿ, ಅದಕ್ಕೆ ಅಡವಿಟ್ಟ ಸ್ವತ್ತನ್ನು ಹಿಂತಿರುಗಿಸಲು ಹೇಳಿದವು.

— ಸಂಪಾದಕ