ಸಂಪಾದಕರ ಉತ್ತರ: ಕರೆದವರು ಯಾರು, ಕರೆದದ್ದು ಎಲ್ಲಿಗೆ?

ರೋಮನ್ ನ್ಯಾಯಪದ್ಧತಿಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ, ಧಾರವಾಡದ ನಿವೃತ್ತ ಸಂಸ್ಕೃತ ಅಧ್ಯಾಪಕರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ‘ವೊಕಾರೆ’ ಎಂಬ ಲ್ಯಾಟಿನ್ ಕ್ರಿಯಾಪದಕ್ಕೆ ಲೇಖಕರು ಕೂಗು, ಊಟಕ್ಕೆ ಹೇಳು, ನ್ಯಾಯಸ್ಥಾನಕ್ಕೆ ಎಳೆ, ಹೆಸರಿಡು ಎಂದು ಹಲವು ಅರ್ಥಗಳನ್ನು ಕೊಟ್ಟದ್ದು ಅವರಿಗೆ ಸರಿಬಂದಿಲ್ಲ. ಧಾತು ಒಂದೇ ಆದ ಮೇಲೆ ಅರ್ಥವೂ ಒಂದೇ, ಅದು ನಮ್ಮ ‘ವಾಕ್’, ನಮ್ಮ ‘ಆವಾಹನೆ’ಯೂ ಅದರದೇ ಕುಡಿ, ಉಳಿದದ್ದೆಲ್ಲ ಪಾಶ್ಚಾತ್ಯ ಕೋಶಕಾರರ ಪಾಂಡಿತ್ಯ ಪ್ರದರ್ಶನ ಎಂಬುದು ಅವರ ವಾದ. ಶತ್ರುಗಳ ದೇವತೆಯನ್ನು ತಮ್ಮ ಕಡೆಗೆ ಕರೆದುಕೊಳ್ಳುವ ರೋಮನರ ‘ಎವೊಕಾತಿಯೊ’ ವಿಧಿಯನ್ನು ಕನ್ನಡದಲ್ಲಿ ಆವಾಹನೆ ಎಂದೇ ಏಕೆ ಬರೆಯಬಾರದು ಎಂದೂ ಕೇಳಿದ್ದಾರೆ.

ಮಾನ್ಯರೇ, ನಿಮ್ಮ ಪತ್ರದ ಅಕ್ಷರ ಮುತ್ತಿನಂತಿದೆ. ಧಾತುಪಾಠ ನಾಲಿಗೆಯ ಮೇಲಿರುವವರು ಇನ್ನೂ ಈ ಪತ್ರಿಕೆಯನ್ನು ಓದುತ್ತಾರೆಂಬುದು ನಮಗೆ ಹೆಮ್ಮೆಯ ವಿಷಯ. ವೊಕಾರೆ ಹುಟ್ಟಿದ್ದು ‘ವೋಕ್ಸ್’ ಎಂಬ ನಾಮಪದದಿಂದ; ವೋಕ್ಸ್ ಎಂದರೆ ದನಿ, ಮತ್ತು ಅದು ನಮ್ಮ ‘ವಾಕ್’ನ ಒಡಹುಟ್ಟು ಎಂಬುದೂ ನಿಜ. ಆದರೆ ಒಡಹುಟ್ಟೇ ಹೊರತು ಮಗಳಲ್ಲ. 1786ರಲ್ಲಿ ವಿಲಿಯಂ ಜೋನ್ಸ್ ಕಲ್ಕತ್ತೆಯ ಸಭೆಯಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಬಹುಶಃ ಈಗ ಉಳಿದಿರದ ಒಂದೇ ಮೂಲದಿಂದ ಬಂದಿರಬೇಕೆಂದು ಹೇಳಿದ್ದು ನಿಮಗೆ ತಿಳಿಯದ್ದೇನೂ ಅಲ್ಲ. ಇನ್ನು ‘ಆವಾಹನೆ’ಯ ವಿಷಯದಲ್ಲಿ ನಿಮ್ಮಂಥವರಿಗೆ ಇಷ್ಟು ಅವಸರ ಸಲ್ಲದು. ಅದು ನುಡಿ ಎಂಬ ಅರ್ಥದ ‘ವಚ್’ ಧಾತುವಿನಿಂದ ಬಂದದ್ದಲ್ಲ, ‘ವಹ್’ನಿಂದ ಬಂದದ್ದು; ಅದರ ಲ್ಯಾಟಿನ್ ಬಂಧು ವೊಕಾರೆ ಅಲ್ಲ, ಹೊತ್ತೊಯ್ಯು ಎಂಬ ಅರ್ಥದ ‘ವೆಹೆರೆ’. ಬೀದಿಯಲ್ಲಿ ಓಡಾಡುವ ವೆಹಿಕಲ್ ಅದೇ ಮನೆಯದು. ಕಿವಿಗೆ ಹತ್ತಿರವಾದದ್ದೆಲ್ಲ ನೆಂಟಸ್ತಿಕೆಯಾಗುವುದಿಲ್ಲ.

ಹುಟ್ಟಿನ ವಿಷಯ ಅಲ್ಲಿಗೆ ಸಾಕು. ಪದದ ಬಾಳು ಇರುವುದು ಅದನ್ನು ಯಾರು ಯಾರಿಗೆ ಎಲ್ಲಿ ಆಡಿದರು ಎಂಬುದರಲ್ಲಿ.

ರೋಮನರ ಮೊದಲ ಲಿಖಿತ ಕಾನೂನಾದ, ಕ್ರಿಸ್ತಪೂರ್ವ 451-450ರ ಹನ್ನೆರಡು ಫಲಕಗಳ ಶಾಸನ ಆರಂಭವಾಗುವುದೇ ಈ ಕ್ರಿಯಾಪದದಿಂದ: ‘ಸಿ ಇನ್ ಯೂಸ್ ವೊಕತ್, ಈತೊ’. ಅವನು ನ್ಯಾಯಕ್ಕೆ ಕರೆದರೆ, ಇವನು ಹೋಗಲಿ. ತಾನು ಹುಡುಗನಾಗಿದ್ದಾಗ ಈ ಶಾಸನವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿಸುತ್ತಿದ್ದರೆಂದು ರೋಮಿನ ವಾಗ್ಮಿ ಸಿಸೆರೊ ನೆನೆಯುತ್ತಾನೆ. ಇಲ್ಲಿ ಕರೆಯುವವನು ನ್ಯಾಯಾಧೀಶನಲ್ಲ, ಅಮೀನನೂ ಅಲ್ಲ. ದೂರುಳ್ಳವನೇ ಎದುರಾಳಿಯನ್ನು ಬೀದಿಯಲ್ಲಿ ಹಿಡಿದು ಬಾಯಿಬಿಟ್ಟು ಕರೆಯಬೇಕು. ಬಾರದಿದ್ದರೆ ಪಕ್ಕದಲ್ಲಿದ್ದವರನ್ನು ಸಾಕ್ಷಿ ಮಾಡಿ, ಆಮೇಲೆ ಕೈಹಿಡಿದು ಎಳೆದೊಯ್ಯಬಹುದು. ಕರೆಸಿಕೊಂಡವನು ರೋಗಿಯೋ ಮುದುಕನೋ ಆದರೆ ಒಂದು ಸವಾರಿಯನ್ನು ಒದಗಿಸಬೇಕು. ಹಾಸಿಗೆ ಹಾಸಿದ ಗಾಡಿಯನ್ನು ಕೊಡಬೇಕಾಗಿಲ್ಲ ಎಂಬ ವಿವರವೂ ಅಲ್ಲಿದೆ. ಸಾಕ್ಷಿಯಾಗಲು ಒಪ್ಪಿದವನ ಕಿವಿಯ ಹಾಲೆಯನ್ನು ಮುಟ್ಟುತ್ತಿದ್ದರು, ಏಕೆಂದರೆ ನೆನಪಿನ ನೆಲೆ ಅಲ್ಲಿದೆ ಎಂದು ರೋಮನ್ ಲೇಖಕ ಪ್ಲಿನಿ ಹೇಳುತ್ತಾನೆ. ಪವಿತ್ರ ಬೀದಿಯಲ್ಲಿ ಬೆನ್ನುಹತ್ತಿದ ವಾಚಾಳಿಯೊಬ್ಬನಿಂದ ಕವಿ ಹೊರೇಸ್ ಪಾರಾದದ್ದು ಹೀಗೆಯೇ: ವಾಚಾಳಿಯ ಎದುರಾಳಿ ಬಂದ, ಸಾಕ್ಷಿಯಾಗುವೆಯಾ ಎಂದು ಕೇಳಿದ, ಹೊರೇಸ್ ಸಂತೋಷದಿಂದ ಕಿವಿಯೊಡ್ಡಿದ, ವಾಚಾಳಿಯನ್ನು ನ್ಯಾಯಸ್ಥಾನಕ್ಕೆ ಎಳೆದುಕೊಂಡು ಹೋದರು. ಈ ಕರೆಯನ್ನು ‘ಆಹ್ವಾನ’ ಎಂದು ಅನುವಾದಿಸಬಹುದೇ? ನಮ್ಮ ಹಳ್ಳಿಯ ಜಗಳಗಳಲ್ಲಿ ‘ನಿನ್ನನ್ನು ಕೋರ್ಟು ಮೆಟ್ಟಿಲು ಹತ್ತಿಸುತ್ತೇನೆ’ ಎನ್ನುವವನಿಗೆ ವೊಕಾರೆಯ ಈ ಅರ್ಥ ಯಾವ ಧಾತುಪಾಠವೂ ಇಲ್ಲದೆ ತಿಳಿದೀತು.

ಎಲ್ಲರನ್ನೂ ಎಲ್ಲ ಹೊತ್ತಿನಲ್ಲಿ ಹೀಗೆ ಕರೆಯುವಂತಿರಲಿಲ್ಲ. 533ರಲ್ಲಿ ಚಕ್ರವರ್ತಿ ಜಸ್ಟಿನಿಯನ್ ಹೊರಡಿಸಿದ ಡೈಜೆಸ್ಟ್ ಎಂಬ ನ್ಯಾಯಶಾಸ್ತ್ರ ಸಂಕಲನದಲ್ಲಿ ಇದಕ್ಕೇ ಒಂದು ಅಧ್ಯಾಯವಿದೆ. ಪೂಜೆಯಲ್ಲಿರುವ ಪುರೋಹಿತನನ್ನು, ಮದುವೆಯಾಗುತ್ತಿರುವ ವಧೂವರರನ್ನು, ಶವದ ಹಿಂದೆ ಹೋಗುತ್ತಿರುವವರನ್ನು ಕರೆಯಬಾರದು. ಮನೆಯೇ ಮನುಷ್ಯನ ಅತ್ಯಂತ ಸುರಕ್ಷಿತ ಆಸರೆಯಾದ್ದರಿಂದ ಮನೆಯೊಳಗಿದ್ದವನನ್ನು ಕರೆಯಲಾಗದೆಂದು ಬಹುಮಂದಿ ಭಾವಿಸಿದ್ದರು. ಸ್ನಾನಗೃಹದಿಂದ, ನಾಟಕಶಾಲೆಯಿಂದ ಕರೆಯಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲ.

ಅಧಿಕಾರಿಗಳ ಬಾಯಲ್ಲಿ ಇದೇ ಕ್ರಿಯಾಪದ ಬೇರೆಯೇ ಆಗುತ್ತದೆ. ರೋಮನ್ ಲೇಖಕ ಔಲಸ್ ಗೆಲ್ಲಿಯಸ್ ಹೇಳುವ ಪ್ರಸಂಗವೊಂದಿದೆ, ನಮಗೆ ಬಹಳ ಪ್ರಿಯವಾದದ್ದು. ಅಗಸ್ಟಸ್‌ನ ಕಾಲದ ನ್ಯಾಯಶಾಸ್ತ್ರಜ್ಞ ಲಾಬಿಯೊ ತನ್ನ ಹಳ್ಳಿಮನೆಯಲ್ಲಿದ್ದಾಗ, ಹೆಂಗಸೊಬ್ಬಳ ದೂರಿನ ಮೇಲೆ ಪ್ರಜಾಪ್ರತಿನಿಧಿಗಳಾದ ಟ್ರಿಬ್ಯೂನರು ಜವಾನನನ್ನು ಕಳುಹಿಸಿ ಅವನಿಗೆ ಬರಹೇಳಿದರು. ಲಾಬಿಯೊ ಹೋಗಲಿಲ್ಲ. ಟ್ರಿಬ್ಯೂನರಿಗೆ ಎದುರಿಗಿದ್ದವನನ್ನು ಹಿಡಿಯುವ ಅಧಿಕಾರವಿದೆ, ದೂರದಲ್ಲಿದ್ದವನನ್ನು ಕರೆಯುವ ಅಧಿಕಾರವಿಲ್ಲ. ಬೇಕಾದರೆ ಅವರೇ ಬಂದು ಹಿಡಿದುಕೊಂಡು ಹೋಗಲಿ ಎಂದು ಜವಾನನ ಕೈಯಲ್ಲೇ ಹೇಳಿ ಕಳುಹಿಸಿದ. ಹಿಡಿಯಬಲ್ಲವನು ಕರೆಯಲಾರನೇ ಎಂದು ನಗುವವರಿದ್ದಾರೆ. ಗೆಲ್ಲಿಯಸ್‌ಗೂ ಅದೇ ಸೋಜಿಗ. ಆದರೆ ಹಳೆಯ ವಿದ್ವಾಂಸ ವಾರೊನ ಗ್ರಂಥವನ್ನು ತೆರೆದಾಗ ಅವನಿಗೆ ಉತ್ತರ ಸಿಕ್ಕಿತು: ಕೆಲವು ಅಧಿಕಾರಿಗಳಿಗೆ ‘ವೊಕಾತಿಯೊ’ ಉಂಟು, ಕೆಲವರಿಗೆ ‘ಪ್ರೆನ್ಸಿಯೊ’ ಅಂದರೆ ಹಿಡಿಯುವ ಹಕ್ಕು ಮಾತ್ರ ಉಂಟು, ಕೆಲವರಿಗೆ ಎರಡೂ ಇಲ್ಲ. ಟ್ರಿಬ್ಯೂನನೊಬ್ಬ ಕರೆದಾಗ ತಾನೂ ಹೋಗಲಿಲ್ಲವೆಂದು ವಾರೊ ಹೆಮ್ಮೆಯಿಂದಲೇ ಬರೆಯುತ್ತಾನೆ. ನಮ್ಮ ಲೇಖಕರು ಕೊಟ್ಟ ಪಟ್ಟಿಯಲ್ಲಿ ಇದೊಂದು ಅರ್ಥ ತಪ್ಪಿಹೋಗಿತ್ತು. ನಿಮ್ಮ ದೂರು ಪಟ್ಟಿ ಉದ್ದವಾಯಿತೆಂದು, ನಮ್ಮದು ಅದು ಸಾಲದೆಂದು.

ಇನ್ನು ಊಟದ ಮನೆಗೆ ಬರೋಣ. ಪ್ಲೌಟಸ್‌ನ ಒಂದು ಪ್ರಹಸನದಲ್ಲಿ, ಪರರ ಮನೆಯ ಊಟವನ್ನೇ ನಂಬಿದ ಎರ್ಗಾಸಿಲಸ್ ರಂಗಕ್ಕೆ ಬಂದವನೇ, ಪಡ್ಡೆ ಹುಡುಗರು ತನಗೆ ‘ಸೂಳೆ’ ಎಂದು ಅಡ್ಡಹೆಸರಿಟ್ಟಿದ್ದಾರೆ, ಏಕೆಂದರೆ ತಾನು ಔತಣಗಳಲ್ಲಿ ಯಾವಾಗಲೂ ‘ಇನ್‌ವೊಕಾತುಸ್’ ಎನ್ನುತ್ತಾನೆ. ಪಗಡೆ ಎಸೆಯುವ ಪ್ರಣಯಿ ತನ್ನವಳ ಹೆಸರನ್ನು ಕೂಗಿ ನೆನೆಯುವುದರಿಂದ ಅವಳು ‘ಇನ್‌ವೊಕಾತುಸ್’, ಅಂದರೆ ಸ್ಮರಿಸಲ್ಪಟ್ಟವಳು. ಯಾರೂ ಊಟಕ್ಕೆ ಹೇಳದೆ ಬಂದು ಕೂತದ್ದರಿಂದ ಇವನು ‘ಇನ್‌ವೊಕಾತುಸ್’, ಅಂದರೆ ಕರೆಯದವನು. ಅದೇ ಅಕ್ಷರ, ಅದೇ ಧಾತು, ಅರ್ಥ ಮಾತ್ರ ತಲೆಕೆಳಗು. ಕರೆಯದೆ ಬರುವವನಿಗೆ ಏನು ಮಾಡಬೇಕೆಂದು ಸರ್ವಜ್ಞ ಹೇಳಿದ್ದಾನೆ. ಎರ್ಗಾಸಿಲಸ್ ಆ ಕಡೆ ಹುಟ್ಟಿದ್ದು ಅವನ ಪುಣ್ಯ. ನಮ್ಮಲ್ಲೂ ‘ಹಸುವನ್ನು ಕರೆ’ ಎಂದರೆ ಕೂಗುವುದೋ ಹಾಲು ಹಿಂಡುವುದೋ ಎಂಬುದನ್ನು ಕೈಯಲ್ಲಿ ಚೆಂಬು ಇದೆಯೇ ಎಂದು ನೋಡಿ ತಿಳಿಯಬೇಕು. ಹಳಗನ್ನಡದಲ್ಲಿ ‘ಱ’ ಎಂಬ ಶಕಟರೇಫ ಇವೆರಡನ್ನೂ ಬೇರೆಯಾಗಿ ಇಟ್ಟಿತ್ತು. ಆ ಅಕ್ಷರ ಹೋದ ಮೇಲೆ ಪ್ರಯೋಗವೇ ಕಾವಲು.

ಇಷ್ಟನ್ನು ಇಲ್ಲಿ ಬರೆಯಬೇಕಾಗಿ ಬಂದದ್ದಕ್ಕೆ ನೀವೊಬ್ಬರೇ ಕಾರಣರಲ್ಲ. ಈಗ ಯಾವ ಪದವನ್ನು ಎತ್ತಿದರೂ ಅದರ ಮೂಲ ನಮ್ಮದೆಂದು ಸಾಧಿಸುವವರು ಹತ್ತು ಜನ ಸಿಗುತ್ತಾರೆ, ಅದು ಬಳಕೆಯಾದ ಒಂದು ವಾಕ್ಯವನ್ನು ಹುಡುಕಿ ಕೊಡುವವರು ಒಬ್ಬರು ಸಿಗುವುದಿಲ್ಲ. ಬ್ಯಾರಿಸ್ಟರರೊಬ್ಬರ ಜೀವನಚರಿತ್ರೆಯ ಅನುವಾದವೊಂದು ನಮ್ಮ ವಿಮರ್ಶೆಗೆ ಬಂದಿತ್ತು. ಅವರು ವಕೀಲಿ ನಡೆಸಲು ಅರ್ಹತೆ ಪಡೆದ ಸಂಗತಿಯನ್ನು ಅನುವಾದಕರು ‘ಅವರನ್ನು ಬಾರಿಗೆ ಕರೆಯಲಾಯಿತು’ ಎಂದು ಬರೆದಿದ್ದರು. ಅಚ್ಚಿಗೆ ಕಳುಹಿಸಿದವರೂ ಅದನ್ನು ನೋಡಿ ತಡವರಿಸಲಿಲ್ಲ. ನಿಘಂಟಿನ ಮೊದಲ ಅರ್ಥವನ್ನು ಎತ್ತಿಟ್ಟು ಮುಂದೆ ಹೋಗುವ ಈ ಅಭ್ಯಾಸ, ಮೂಲಧಾತುವನ್ನು ಎತ್ತಿಟ್ಟು ನಿಂತುಬಿಡುವ ಅಭ್ಯಾಸದ ಜೋಡಿಯೇ. ಇಬ್ಬರೂ ವಾಕ್ಯವನ್ನು ಓದುವುದಿಲ್ಲ.

ಓದುವವರು ಹೇಗೆ ಓದುತ್ತಾರೆಂಬುದಕ್ಕೆ ಮ್ಯೂನಿಕ್ ನಗರದ ಲ್ಯಾಟಿನ್ ಮಹಾಕೋಶವನ್ನು ನೋಡಿ. 1894ರಲ್ಲಿ ಆರಂಭವಾದ ಆ ಕೆಲಸ ಇನ್ನೂ ಮುಗಿದಿಲ್ಲ. ಪ್ರಾಚೀನ ಲ್ಯಾಟಿನ್ ಬರಹಗಳಿಂದ ತೆಗೆದ ವಾಕ್ಯಗಳ ಚೀಟಿಗಳನ್ನು ಲಕ್ಷಗಟ್ಟಲೆ ಮುಂದಿಟ್ಟುಕೊಂಡು ಒಂದೊಂದೇ ಪದವನ್ನು ಬರೆಯುವ ಅವರು ವೊಕಾರೆಯ ಅಕ್ಷರವನ್ನು ಇನ್ನೂ ತಲುಪಿಲ್ಲ. ಅದೇ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಕೋಶವೂ, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೂ ನಮಗೆ ಅರ್ಥದ ಜೊತೆಗೆ ಪ್ರಯೋಗವನ್ನೂ ಕೊಟ್ಟವು. ಇಂದು ಅಂಥ ಕೆಲಸಕ್ಕೆ ಮೂರು ವರ್ಷದ ಯೋಜನೆ ಮಂಜೂರು ಮಾಡಿ, ಎರಡನೆಯ ವರ್ಷವೇ ವರದಿ ಕೇಳುತ್ತಾರೆ.

ನಿಮ್ಮ ಕೊನೆಯ ಪ್ರಶ್ನೆ ಉಳಿದಿದೆ. ಕ್ರಿಸ್ತಪೂರ್ವ 396ರಲ್ಲಿ ವೇಯಿ ಪಟ್ಟಣದ ಮುತ್ತಿಗೆಯಲ್ಲಿ ರೋಮನ್ ಸೇನಾಪತಿ ಕಮಿಲ್ಲಸ್ ಶತ್ರುಗಳ ಊರಿನ ಯೂನೋ ದೇವತೆಯನ್ನೇ ಬೇಡಿಕೊಂಡ: ಗೆದ್ದ ನಮ್ಮೊಡನೆ ಬಾ, ನಿನ್ನ ಘನತೆಗೆ ತಕ್ಕ ಗುಡಿಯನ್ನು ನಮ್ಮ ಊರಿನಲ್ಲಿ ಕಟ್ಟುತ್ತೇವೆ. ಪಟ್ಟಣ ಬಿದ್ದ ಮೇಲೆ ಯುವಕನೊಬ್ಬ ‘ಯೂನೋ, ರೋಮಿಗೆ ಬರುವೆಯಾ’ ಎಂದು ಕೇಳಿದಾಗ ವಿಗ್ರಹ ತಲೆದೂಗಿತೆಂದು ಉಳಿದವರು ಕೂಗಿದರೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಅವೆಂಟೈನ್ ಗುಡ್ಡದ ಮೇಲೆ ಅವಳಿಗೆ ಗುಡಿಯಾಯಿತು. ಆವಾಹನೆಯಲ್ಲಿ ನಾವು ದೇವರನ್ನು ನಮ್ಮ ಕಲಶಕ್ಕೆ ಬರಮಾಡಿಕೊಳ್ಳುತ್ತೇವೆ, ಆ ದೇವರು ಯಾರ ಊರನ್ನೂ ಬಿಟ್ಟು ಬರಬೇಕಾಗಿಲ್ಲ. ಎವೊಕಾತಿಯೊದಲ್ಲಿ ಒಂದು ಊರು ತನ್ನ ದೇವರನ್ನು ಕಳೆದುಕೊಳ್ಳುತ್ತದೆ, ಅದೂ ಹೆಚ್ಚಿನ ಪೂಜೆಯ ಆಮಿಷಕ್ಕೆ. ಆದ್ದರಿಂದ ‘ಆವಾಹನೆ’ಯನ್ನು ಒಪ್ಪಲಾರೆವು. ‘ಶತ್ರುದೇವತೆಯನ್ನು ಹೊರಕರೆಯುವ ವಿಧಿ’ ಎಂದು ಎರಡು ಪದ ಹೆಚ್ಚಾದರೂ ಸರಿ. ಲೇಖನ ಪುಸ್ತಕದಲ್ಲಿ ಸೇರುವಾಗ ಹಾಗೆಯೇ ಅಚ್ಚಾಗುತ್ತದೆ.