ಅಪ್ಪನ ಹಕ್ಕಿ, ಮಗನ ಹಕ್ಕಿ

ಶಿವಮೊಗ್ಗದ ಓದುಗರೊಬ್ಬರ ಪತ್ರ: "ಕಳೆದ ಸಂಚಿಕೆಯಲ್ಲಿ ತೇಜಸ್ವಿಯವರ ಹಕ್ಕಿ ಫೋಟೊಗಳ ಬಗ್ಗೆ ಬರೆದಿದ್ದೀರಿ. ಅವರು ಕ್ಯಾಮೆರಾ ಹಿಡಿದದ್ದೇ ಅಪ್ಪ ಕುವೆಂಪು ಅವರಿಂದ ತಪ್ಪಿಸಿಕೊಳ್ಳೋಕೆ. ಆ ಜಗಳದ ಬಗ್ಗೆ ಯಾಕೆ ಸುಮ್ಮನಿದ್ದೀರಿ?"

ಸಂಪಾದಕರ ಉತ್ತರ:

ಜಗಳ ಸಿಕ್ಕಿದ್ದರೆ ನಾವು ಬಿಡ್ತಿದ್ವಾ ಮಾರಾಯರೆ! 1966ರಲ್ಲಿ ಮಗನ ಮದುವೆಗೆ ಮಂತ್ರಮಾಂಗಲ್ಯ (ಪುರೋಹಿತರಿಲ್ಲದ ಸರಳ ಮದುವೆಯ ವಿಧಾನ) ರೂಪಿಸಿಕೊಟ್ಟದ್ದು ಅಪ್ಪನೇ. ಮುನಿಸಿಕೊಂಡ ಮನೆಯಲ್ಲಿ ಹೀಗಾಗೋದಿಲ್ಲ.

ಆದರೂ ನಿಮ್ಮ ಮಾತಿನಲ್ಲಿ ಅರ್ಧ ನಿಜ ಇದೆ. 1956ರಿಂದ 1960ರವರೆಗೆ ಕುವೆಂಪು ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿ. ಮಗನಿಗೆ ಆಗ ಕಾಲೇಜಿನ ವಯಸ್ಸು. ಓದಿದ್ದೂ ಕನ್ನಡ ಎಂ.ಎ. ಮೇಷ್ಟರ ಕೆಲಸ ಹಿಡಿದು ಮೈಸೂರಲ್ಲೇ ಇದ್ದುಬಿಡಬಹುದಿತ್ತು. ಅವರು ಮೂಡಿಗೆರೆ ಕಡೆ ಹೋಗಿ ಕಾಫಿ ತೋಟ ಮಾಡಿದರು.

ಓಡಿಹೋದರು ಅಂತೀರಾ? ಹಾಗಾದರೆ ಕ್ಯಾಮೆರಾ ತಿರುಗಿದ್ದು ಎತ್ತ ಕಡೆ? ಅಪ್ಪ ಜೀವಮಾನವಿಡೀ ಬರೆದ ಅದೇ ಮಲೆನಾಡಿನ ಕಾಡಿನತ್ತ. ನೋಡುವ ಬಗೆ ಮಾತ್ರ ಬೇರೆ. ತುಂಗೆಯ ಮೇಲೆ ಹಾರಿದ ಹಕ್ಕಿಸಾಲು ಕಂಡು, ದೇವರು ರುಜು ಮಾಡಿದ ಅಂದರು ಕುವೆಂಪು. ಮಗನಿಗೆ ಅದು ಯಾವ ಹಕ್ಕಿ, ಏನು ತಿನ್ನುತ್ತೆ, ಗೂಡು ಎಲ್ಲಿ ಅನ್ನೋದು ಬೇಕು. ಅದು ರೀಲಿನ ಕಾಲ. ಒಂದು ರೋಲಿಗೆ 36 ಚಿತ್ರ, ಅಷ್ಟೇ. ಮರೆಯಲ್ಲಿ ಗಂಟೆಗಟ್ಟಲೆ ಕೂತು, ಬೆರಳು ಒತ್ತುವಷ್ಟರಲ್ಲಿ ಹಕ್ಕಿ ಪುರ್ರಂದರೆ ಮುಗೀತು. ಚಿತ್ರ ಬಂತೋ ಇಲ್ಲವೋ, ತೊಳೆಸಿದ ಮೇಲೇ ಗೊತ್ತು. (ಮಿಂಚುಳ್ಳಿಗೆ ಕಾದು ಕಾದು ನಾನೂ ಒಂದು ರೋಲು ಪೂರ್ತಿ ಖಾಲಿ ಕೊಂಬೆ ತೆಗೆದಿದ್ದೇನೆ. ಆಮೇಲೆ ಕ್ಯಾಮೆರಾ ಮಾರಿದೆ.)

ತೊಡಕು ನನಗೆ ಕಾಣೋದು ಬೇರೆ ಕಡೆ. ತೇಜಸ್ವಿ ಅಪ್ಪನನ್ನು ಕರೆಯುತ್ತಿದ್ದುದು 'ಅಣ್ಣ' ಅಂತ. ಅಪ್ಪ ಹೋದ ಮೇಲೆ ಬಂದ ಪುಸ್ತಕಕ್ಕೂ 'ಅಣ್ಣನ ನೆನಪು' ಅಂತಲೇ ಹೆಸರು. ಆದರೆ ಅವರ ಕಥಾಸಂಕಲನ 'ಅಬಚೂರಿನ ಪೋಸ್ಟಾಫೀಸು' ಮುನ್ನುಡಿ ತೆಗೆದು ನೋಡಿ. ತಮ್ಮ ಮೇಲೆ ಯಾರ ಪ್ರಭಾವ ಇದೆ ಅಂತ ಹೇಳುವಾಗ ಸಮಾಜವಾದಿ ಚಿಂತಕ ಲೋಹಿಯಾ, ಶಿವರಾಮ ಕಾರಂತರ ಸಾಲಿನಲ್ಲಿ ಕುವೆಂಪು ಹೆಸರು ಬರುತ್ತೆ. ಅಲ್ಲಿ ಅಣ್ಣ ಇಲ್ಲ, ಕನ್ನಡದ ಒಬ್ಬ ಲೇಖಕ ಇದ್ದಾರೆ. ಒಂದೇ ಮನೆಯಲ್ಲಿ ಉಂಡು ಬೆಳೆದವರಿಗೆ ಹಾಗೆ ದೂರ ನಿಂತು ಓದೋದು ಸುಲಭ ಅಲ್ಲ, ಅಲ್ವಾ?

ಮೈಸೂರಿನ ಅಪ್ಪನ ಮನೆ 'ಉದಯರವಿ'. ಮೂಡಿಗೆರೆಯಲ್ಲಿ ಮಗ ಇಟ್ಟ ಹೆಸರು 'ನಿರುತ್ತರ'. ನೀವು ನೋಡಿದರೆ ನನ್ನ ಹತ್ತಿರ ಉತ್ತರ ಕೇಳ್ತೀರಿ! ಜಗಳಕ್ಕೆ ಪುರಾವೆ ಏನಾದರೂ ಇದ್ದರೆ ಕಳಿಸಿ, ಅಚ್ಚು ಹಾಕ್ತೇವೆ.