ಹಣ ತಂಡದ್ದು, ಮೊಣಕೈ ಹುಡುಗನದು

ನ್ಯೂಜೆರ್ಸಿಯ ಓದುಗರೊಬ್ಬರು ಬರೆದಿದ್ದಾರೆ: “ಬೇಸ್‌ಬಾಲ್‌ನ ಎಳೆಯ ಪಿಚರ್‌ಗಳ (ಬ್ಯಾಟರ್‌ಗೆ ಚೆಂಡೆಸೆಯುವವರ) ಗಾಯದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಹುಡುಗರಿಗಾಗಿ ಮರುಗಿತು. ಆದರೆ ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ ಹುಡುಗನ ಹಣ ಭದ್ರ. ಅವನ ಕೈ ಕೆಟ್ಟರೆ ಮುಳುಗುವುದು ತಂಡದ ಬಂಡವಾಳ. ನನ್ನ ಹದಿಮೂರರ ಮಗನೂ ಪಿಚರ್. ವರ್ಷವಿಡೀ ಎಸೆಯುತ್ತಾನೆ, ಚೆನ್ನಾಗಿಯೇ ಇದ್ದಾನೆ.”

ಮಾನ್ಯರೇ,

ನಿಮ್ಮ ಮಾತಿನಲ್ಲಿ ಅರ್ಧ ಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ. 2019ರ ಕೊನೆಯಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ತಂಡ ಪಿಚರ್ ಸ್ಟೀಫನ್ ಸ್ಟ್ರಾಸ್‌ಬರ್ಗ್ ಅವರಿಗೆ ಏಳು ವರ್ಷಕ್ಕೆ 24.5 ಕೋಟಿ ಡಾಲರ್ ಕೊಡಲು ಒಪ್ಪಿತು. ಗಾಯಗಳಿಂದಾಗಿ ಆಮೇಲೆ ಅವರು ಆಡಿದ್ದು ಎಂಟೇ ಪಂದ್ಯ. ಆದರೆ ಸಹಿ ಹಾಕುವಾಗ ಅವರಿಗೆ ಮೂವತ್ತೊಂದು ವರ್ಷ. ಋತುವಿನ ಅಂತಿಮ ಹಣಾಹಣಿಯಾದ ವಿಶ್ವ ಸರಣಿಯ ಶ್ರೇಷ್ಠ ಆಟಗಾರನೆಂಬ ಗೌರವ ಆಗಷ್ಟೇ ಸಿಕ್ಕಿತ್ತು. ನಮ್ಮ ಲೇಖನ ಹೇಳಿದ್ದು ಅದಕ್ಕಿಂತ ಹತ್ತು ವರ್ಷ ಚಿಕ್ಕವರ ಕಥೆ.

ಆ ವಯಸ್ಸಿನಲ್ಲಿ ಲೆಕ್ಕವೇ ಬೇರೆ. ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಹುಡುಗ ಅತ್ಯುನ್ನತ ಮಟ್ಟದ ಮೇಜರ್ ಲೀಗ್ ಮುಟ್ಟಿದ ಮೇಲೂ ಸುಮಾರು ಆರು ವರ್ಷ ತಂಡದ ಹಿಡಿತದಲ್ಲಿರುತ್ತಾನೆ. ಮೊದಲ ಮೂರು ವರ್ಷ ಹೆಚ್ಚಿನವರಿಗೆ ಕನಿಷ್ಠ ಸಂಬಳದ ಆಸುಪಾಸು. ಅವನಿಂದ ತಂಡಕ್ಕೆ ಅತಿ ಹೆಚ್ಚು ಲಾಭವಾಗುವುದೂ ಆಗಲೇ. ತಂಡ ಪ್ರತಿ ವರ್ಷ ಹಲವು ಪಿಚರ್‌ಗಳನ್ನು ಆರಿಸಿಕೊಳ್ಳುತ್ತದೆ, ಇಬ್ಬರು ಬೆಳಗಿದರೆ ಉಳಿದವರ ಮೇಲಿನ ಖರ್ಚೂ ಮರಳಿ ಬರುತ್ತದೆ. ಹುಡುಗನಿಗೆ ಎಸೆಯಲು ಇರುವುದು ಒಂದೇ ತೋಳು.

ಮಾರ್ಕ್ ಪ್ರಯರ್ ಅವರನ್ನೇ ನೋಡಿ. 2001ರ ಡ್ರಾಫ್ಟ್‌ನಲ್ಲಿ ಶಿಕಾಗೊ ಕಬ್ಸ್ ತಂಡ ಒಂದು ಕೋಟಿ ಡಾಲರ್‌ಗೂ ಹೆಚ್ಚು ತೆತ್ತು ಅವರನ್ನು ಪಡೆಯಿತು. 2003ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ, 211 ಇನಿಂಗ್ಸ್ (ಮೂವರನ್ನು ಔಟ್ ಮಾಡಿದರೆ ಒಂದು ಇನಿಂಗ್ಸ್) ಎಸೆದು 18 ಪಂದ್ಯ ಗೆದ್ದರು. ಅದು ಸಾಲದೆಂಬಂತೆ ಪ್ಲೇಆಫ್‌ನಲ್ಲೂ ಎಸೆದರು. 2006ರ ಆಗಸ್ಟ್‌ನಲ್ಲಿ ಮೇಜರ್ ಲೀಗ್‌ನ ಕೊನೆಯ ಪಂದ್ಯ ಆಡಿದಾಗ ಅವರಿಗೆ ಇಪ್ಪತ್ತೈದು. ಭುಜದ ಶಸ್ತ್ರಚಿಕಿತ್ಸೆಗಳಾದವು. ಮತ್ತೆ ಮೇಲೆ ಬರಲು 2013ರವರೆಗೂ ಸಣ್ಣ ಲೀಗ್‌ಗಳಲ್ಲಿ ಹೆಣಗಿದರು. ಹಣ ಅವರ ಬಳಿಯೇ ಉಳಿಯಿತು, ನೀವು ಹೇಳಿದಂತೆಯೇ. ಹಣವಿದ್ದೂ ಅಷ್ಟು ವರ್ಷ ಹೆಣಗಿದರೆಂದರೆ, ಅವರು ಕಳೆದುಕೊಂಡದ್ದು ಯಾವ ಒಪ್ಪಂದದಲ್ಲೂ ಬರೆದಿರದ ವಸ್ತು. ಡಾಡ್ಜರ್ಸ್ ತಂಡದ ಪಿಚಿಂಗ್ ಕೋಚ್ ಆಗಿ ಅವರು ಬೇರೆಯವರ ತೋಳುಗಳನ್ನು ಕಾಯುವವರಾದರು ಎಂಬುದು ನನಗೆ ಸಮಾಧಾನ ತರುವ ಸಂಗತಿ.

ಸ್ಟ್ರಾಸ್‌ಬರ್ಗ್ ಅವರಿಗೂ 2010ರಲ್ಲಿ, ಮೊದಲ ಋತುವಿನಲ್ಲೇ, ಮೊಣಕೈಯ ಲಿಗಮೆಂಟ್ (ಎಲುಬುಗಳನ್ನು ಬಿಗಿದಿಡುವ ಪಟ್ಟಿ) ಹರಿದಿತ್ತು. ಎರಡು ವರ್ಷದ ಮೇಲೆ, ತಂಡ ಪ್ಲೇಆಫ್‌ನತ್ತ ಸಾಗಿದ್ದಾಗಲೇ, ಆ ಕೈಯನ್ನು ಕಾಯಲೆಂದು ತಂಡದವರೇ 159 ಇನಿಂಗ್ಸ್‌ಗೆ ಅವರನ್ನು ನಿಲ್ಲಿಸಿದರು. ಅವರಿಲ್ಲದೆ ತಂಡ ಮೊದಲ ಸುತ್ತಿನಲ್ಲೇ ಸೋತಿತು. ಅಭಿಮಾನಿಗಳು ಕೆರಳಿದರು. ನಿಲ್ಲಿಸಿದ್ದು ಸರಿ ಎಂದು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ವ್ಯಾಯಾಮದಿಂದ ಸ್ನಾಯು ಬಲಿಯುತ್ತದೆ. ಮೊಣಕೈಯ ಒಳಬದಿಯಲ್ಲಿ ಎಲುಬುಗಳನ್ನು ಬಿಗಿದಿಟ್ಟಿರುವ ಆ ಪಟ್ಟಿ ಅದೇ ಪ್ರಮಾಣದಲ್ಲಿ ಬಲಿಯುವುದಿಲ್ಲ. ತಂಡಗಳು ವೇಗಕ್ಕೆ ಬೆಲೆ ಕಟ್ಟುತ್ತವೆ, ಹುಡುಗರು ಪ್ರತಿ ಎಸೆತಕ್ಕೂ ಪೂರ್ಣ ಬಲ ಹಾಕುತ್ತಾರೆ. 1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಅವರು ಟಾಮಿ ಜಾನ್ ಅವರ ಬಲಗೈಯ ಸ್ನಾಯುರಜ್ಜುವನ್ನು ತೆಗೆದು ಎಡ ಮೊಣಕೈಗೆ ಕಸಿ ಮಾಡಿದರು, ಜಾನ್ 1989ರವರೆಗೂ ಆಡಿದರು. ಅಂದಿನಿಂದ ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು. ಅದನ್ನು ಮಾಡಿಸಿಕೊಂಡರೆ ವೇಗ ಹೆಚ್ಚುತ್ತದೆಂದು ನಂಬುವ ತಂದೆತಾಯಿಗಳಿದ್ದಾರೆ. ದಯವಿಟ್ಟು ನಂಬಬೇಡಿ. ಚೇತರಿಸಿಕೊಳ್ಳಲು ಒಂದು ವರ್ಷಕ್ಕೂ ಹೆಚ್ಚು ಬೇಕಾಗಬಹುದು, ಎಲ್ಲರೂ ಮೊದಲಿನಂತಾಗುವುದೂ ಇಲ್ಲ.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನಲ್ಲಿ. ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ ಪಿಚ್ ಸ್ಮಾರ್ಟ್ ಸೂಚನೆಯ ಪ್ರಕಾರ, ಹದಿಮೂರರ ಹುಡುಗ ಒಂದು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆತ ಹಾಕಬಾರದು, ವರ್ಷಕ್ಕೆ ಕನಿಷ್ಠ ನಾಲ್ಕು ತಿಂಗಳು ಪಿಚಿಂಗ್ ಬಿಡಬೇಕು. ಅದರಲ್ಲಿ ಎರಡು ಮೂರು ತಿಂಗಳು ಸತತವಾಗಿ ಕೈಯೆತ್ತಿ ಏನನ್ನೂ ಎಸೆಯಬಾರದು. ಎರಡು ತಂಡಗಳಿಗೆ ಆಡುತ್ತಿದ್ದರೆ ಎರಡರ ಎಸೆತಗಳನ್ನೂ ಕೂಡಿಸಿ ನೋಡಿ, ಏಕೆಂದರೆ ಒಬ್ಬ ಕೋಚ್‌ನ ಲೆಕ್ಕ ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಅವನ ಆ ನಾಲ್ಕು ತಿಂಗಳು ಯಾವುವೆಂದು ಈ ವಾರವೇ ಕೋಚ್ ಜೊತೆ ಕುಳಿತು ಗೊತ್ತುಮಾಡಿಕೊಳ್ಳಿ, ನನಗೂ ಒಂದು ಸಾಲು ಬರೆಯಿರಿ.

— ಸಂಪಾದಕ